ಹರಿದ ಎಳೆಗೆ ರಫು ಹಾಕುವ ಜೀನ್

ಹರಿದ ರೇಷ್ಮೆ ಸೀರೆಗೆ ರಫು ಹಾಕುವವರು ಮೊದಲು ಸೂಜಿ ಹಿಡಿಯುವುದಿಲ್ಲ. ಅದೇ ನೇಯ್ಗೆ ಹಾಳಾಗದೆ ಉಳಿದಿರುವ ಜಾಗವನ್ನು ಹುಡುಕುತ್ತಾರೆ. ಇಲಿಯ ಕೋಶಕೇಂದ್ರದೊಳಗೂ ಇಂಥದ್ದೇ ಕಸುಬು ನಡೆಯುತ್ತದೆ. ಆ ಕಸುಬುದಾರನ ಹೆಸರು ರ‍್ಯಾಡ್51. ಇಲಿಯ 2ನೇ ವರ್ಣತಂತುವಿನಲ್ಲಿರುವ ಈ ಜೀನ್ ಹೆಣೆಯುವುದು 339 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು.

ವಿಕಿರಣ ತಗುಲಿದಾಗ, ಅಥವಾ ಡಿಎನ್‌ಎ ನಕಲಾಗುವ ಹೊತ್ತಿನಲ್ಲೇ, ಅದರ ಎರಡೂ ಎಳೆಗಳು ಒಟ್ಟಿಗೆ ತುಂಡಾಗುವುದುಂಟು. ಆಗ ಕೆಲವು ಕಿಣ್ವಗಳು ತುಂಡಾದ ತುದಿಯಲ್ಲಿ ಒಂದು ಎಳೆಯನ್ನು ಸವರಿ, ಇನ್ನೊಂದನ್ನು ಒಂಟಿಯಾಗಿ ಉಳಿಸುತ್ತವೆ. ಬಿಆರ್‌ಸಿಎ2 ಎಂಬ ಪ್ರೋಟೀನ್ ರ‍್ಯಾಡ್51 ಅಣುಗಳನ್ನು ಅಲ್ಲಿಗೆ ಕರೆತರುತ್ತದೆ. ಒಂದೊಂದು ಅಣುವೂ ಮೂರು ಮೂರು ಅಕ್ಷರಗಳನ್ನು ಹಿಡಿದು, ಮಣಿ ಪೋಣಿಸಿದಂತೆ ಎಳೆಯ ಉದ್ದಕ್ಕೂ ಸುತ್ತಿಕೊಳ್ಳುತ್ತದೆ. ಎಳೆ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಆ ಎಳೆ ತನ್ನದೇ ಬರಹವಿರುವ ಜೋಡಿ ಪ್ರತಿಯನ್ನು ಹುಡುಕಿ, ಅದರೊಳಕ್ಕೆ ಸೇರಿಕೊಳ್ಳುತ್ತದೆ. ಕಳೆದುಹೋದ ಸಾಲನ್ನು ಅದನ್ನು ನೋಡಿಯೇ ಮತ್ತೆ ಬರೆಯಲಾಗುತ್ತದೆ. ಹೊಳೆಯುವ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಈ ರಿಪೇರಿಯ ತಾಣಗಳು ಕತ್ತಲ ಕೇಂದ್ರದಲ್ಲಿ ಚುಕ್ಕೆ ಚುಕ್ಕೆಯಾಗಿ ಮಿನುಗುತ್ತವೆ.

ಈ ಜೀನ್ ಇಲ್ಲದ ಇಲಿ ಬದುಕೀತೇ? 1996ರ ಪ್ರಯೋಗಗಳು ಉತ್ತರ ಕೊಟ್ಟವು: ಭ್ರೂಣಗಳು ತೀರ ಎಳೆಯ ಹಂತದಲ್ಲೇ ಸತ್ತವು. ಅಂದರೆ ರಫು ಹಾಕುವುದು ಅಪಘಾತವಾದಾಗ ಮಾತ್ರ ಬೇಕಾಗುವ ಕೆಲಸವಲ್ಲ, ಬೆಳೆಯುವ ಜೀವದ ದಿನನಿತ್ಯದ ದುಡಿಮೆ. ಯೀಸ್ಟ್, ಇಲಿ, ಮನುಷ್ಯ ಎಲ್ಲರಲ್ಲೂ ಇದೇ ಕೈಚಳಕ ಉಳಿದು ಬಂದಿದೆ. ನಾವು ಇಂದು ಇಡಿಯಾಗಿ ಇರುವುದಕ್ಕೆ ಈ ಮೌನ ದುಡಿಮೆಗೂ ಋಣಿಗಳು.