ವಾಲದ ಶಿಖರ

ಮಂಡಿಕಲ್ಲಿನಿಂದ ನಂದಿಗ್ರಾಮಕ್ಕೆ ಹೋಗಿ ಭೋಗನಂದೀಶ್ವರ ದೇವಾಲಯದ ಪ್ರಾಕಾರದಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದೊಡನೆ, ಒಂಬತ್ತನೆಯ ಶತಮಾನದಿಂದ ಅಚಲವಾಗಿ ನಿಂತಿರುವ ಆ ಶಿಲಾವೈಭವವು ಚಿತ್ರದಲ್ಲಿ ಹಿಂದಕ್ಕೆ ವಾಲಿಬಿಡುತ್ತಿದ್ದುದು ನನಗೆ ಬಹುಕಾಲದ ವ್ಯಥೆಯಾಗಿದ್ದಿತು. ಅದನ್ನು ನೀಗಿದುದು, ಹಳೆಯ ತಿದಿ ಕ್ಯಾಮೆರಾದ ಚಲನೆಗಳನ್ನು ಡಿಜಿಟಲ್ ಎಸ್‌ಎಲ್‌ಆರ್‌ಗೆ ಮರಳಿಸಿಕೊಟ್ಟ ಟಿಲ್ಟ್-ಶಿಫ್ಟ್ ಲೆನ್ಸು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಮಟ್ಟಸವಾಗಿಟ್ಟು, ಪಕ್ಕದ ಪುಟ್ಟ ತಿರುಪನ್ನು ಮೆಲ್ಲನೆ ತಿರುಗಿಸಿದರೆ, ಲೆನ್ಸು ಮಾತ್ರ ಹೆಚ್ಚೆಂದರೆ ಹನ್ನೆರಡು ಮಿಲಿಮೀಟರಿನಷ್ಟು ಮೇಲಕ್ಕೆ ಸರಿಯುತ್ತದೆ. ಅಷ್ಟಕ್ಕೇ ಅಂಗಳದ ಚಪ್ಪಡಿಗಳು ಚೌಕಟ್ಟಿನಿಂದ ಜಾರಿ, ಶಿಖರವು ತುದಿಯವರೆಗೂ ಒಳಬಂದು, ಕಂಬಗಳೆಲ್ಲ ನೆಟ್ಟಗೆ ನಿಲ್ಲುತ್ತವೆ. ಈ ಕ್ಷಣದ ಆನಂದವು ಇಂದಿಗೂ ನನಗೆ ಹಳತಾಗಿಲ್ಲ.

ಇದೇ ಲೆನ್ಸನ್ನು ಬಾಗಿಸುವ ವಿದ್ಯೆಯ ಸೊಗಸೇ ಬೇರೆ. ಆಸ್ಟ್ರಿಯದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲೂಗ್ 1904ರ ಪೇಟೆಂಟಿನಲ್ಲಿ ವಿವರಿಸಿದಂತೆ, ಲೆನ್ಸಿನ, ಬಿಂಬದ, ವಸ್ತುವಿನ ಸಮತಲಗಳು ಮೂರೂ ಒಂದೇ ರೇಖೆಯಲ್ಲಿ ಸಂಧಿಸಿದಾಗ ಓರೆಯಾದ ತಲವೂ ಆದ್ಯಂತ ಸ್ಫುಟವಾಗುತ್ತದೆ. ದೇವಾಲಯದ ಕಲ್ಯಾಣಿಯಾದ ಶೃಂಗಿತೀರ್ಥದ ಅಂಚಿನಲ್ಲಿ ಲೆನ್ಸನ್ನು ಒಂದೆರಡು ಅಂಶ ಮುಂದಕ್ಕೆ ಬಾಗಿಸಿದೆನು. ಕಾಲಬುಡದ ಕಲ್ಲಿನ ಉಳಿಗುರುತಿನಿಂದ ಆಚೆಯ ದಡದ ಅಂಚಿನವರೆಗೆ ಎಲ್ಲವೂ ತಿಳಿಯಾಯಿತು. ಇಲ್ಲಿ ಆಟೋಫೋಕಸ್ ಇಲ್ಲ. ಕಣ್ಣು, ಬೆರಳು, ತಾಳ್ಮೆ ಇವೇ ಸಾಕು.