ಒಣಗೈಯ ಪರೀಕ್ಷೆ

ಗಾಳದ ದುಬಾರಿ ರೀಲು ಮೊದಲ ಸಲ ಕೈಗೆ ಸಿಕ್ಕಿದವರೆಲ್ಲ ಮಾಡುವುದು ಒಂದೇ ಕೆಲಸ. ಹ್ಯಾಂಡಲನ್ನು ಒಮ್ಮೆ ಜೋರಾಗಿ ತಿರುಗಿಸಿ ಬೆರಳು ಬಿಡುತ್ತಾರೆ. ಅದು ಸದ್ದಿಲ್ಲದೆ ತನ್ನ ಪಾಡಿಗೆ ಇನ್ನೂ ಕೆಲವು ಸುತ್ತು ತಿರುಗುತ್ತದೆ. ಆಮೇಲೆ ತಲೆಯೆತ್ತಿ ನಮ್ಮನ್ನು ನೋಡುತ್ತಾರೆ. ಆಗಷ್ಟೇ ಮಂಗಳಾರತಿ ತೆಗೆದುಕೊಂಡವರ ಮುಖ. ಮಂಗಳೂರು, ಉಡುಪಿ ಕಡೆಯ ಗಾಳದ ಹುಚ್ಚಿನವರಲ್ಲಿ ಶಿಮಾನೊ ಸ್ಟೆಲ್ಲಾ, ಡೈವಾ ಎಕ್ಸಿಸ್ಟ್, ಸಾಲ್ಟಿಗಾಗಳಿಗೆ ಇರುವ ಕೀರ್ತಿಯ ಮುಕ್ಕಾಲು ಪಾಲು ಹುಟ್ಟಿದ್ದು ಈ ಕ್ಷಣದಲ್ಲೇ. ಕೈ ಒಣಗಿದೆ, ದಾರಕ್ಕೆ ಭಾರವಿಲ್ಲ, ಮೀನು ಊರಲ್ಲೇ ಇಲ್ಲ. ತೀರ್ಪು ಮಾತ್ರ ಆಗಲೇ ಬಂದಾಯಿತು.

ನನ್ನ ತೀರ್ಪನ್ನೂ ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದಿಲ್ಲ. ನಮ್ಮ ಅಳಿವೆಗಳಲ್ಲಿ, ದಕ್ಕೆಯ ಆಚೆಯ ಕಲ್ಲುಗಳ ಮೇಲೆ ನಿಂತು ಕೆಂಬೇರಿಗೋ ಮುರುವಿಗೋ ಗಾಳ ಹಾಕುವವನಿಗೆ 60–70 ಸಾವಿರದ ರೀಲು ಕೊಟ್ಟ ದುಡ್ಡಿಗೆ ತಕ್ಕದ್ದಲ್ಲ. ಹತ್ತು ಸಾವಿರದ ಆಸುಪಾಸಿನ, ಲೋಹದ ಮೈಯ, ಸೀಲು ಹಾಕಿದ ರೀಲು ಸಾಕು. ಎರಡು ಸಾವಿರದ್ದು ಸಾಲದು. ಡಬ್ಬಿಯ ಮೇಲೆ 13+1 ಬೇರಿಂಗ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿಕೊಂಡು ಬರುವ ಆ ಅಗ್ಗದ ರೀಲುಗಳು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂಥವು. ಅವುಗಳ ಮಾತು ಇಲ್ಲಿಗೆ ಮುಗಿಯಿತು.

ಇದನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ. ಗೆಳೆಯನೊಬ್ಬನಿಗೆ ದುಬೈಯ ಭಾವ ತಂದುಕೊಟ್ಟ ಅಂಥದ್ದೊಂದು ಜಪಾನಿ ರೀಲನ್ನು ಒಂದಿಡೀ ಹಂಗಾಮು ನನ್ನ ರಾಡಿಗೆ ಕಟ್ಟಿಕೊಂಡು ಓಡಾಡಿದ್ದೇನೆ. ಅದರ ಹೆಸರು ಇಲ್ಲಿ ಬೇಡ. ನುಣುಪು ಎಂದರೆ ಏನೆಂದು ಗೊತ್ತಾದದ್ದೇ ಆಗ. ಆ ನುಣುಪಿನ ಬಗ್ಗೆಯೇ ನನ್ನ ತಕರಾರು.

ನುಣುಪು ಎಲ್ಲಿಂದ ಬರುತ್ತದೆ? ಹಲ್ಲುಗಳನ್ನು ಸಣ್ಣದಾಗಿ, ಒತ್ತೊತ್ತಾಗಿ ಮಾಡಿದ ಗೇರಿನಿಂದ, ಆ ಹಲ್ಲು ಒಂದಕ್ಕೊಂದು ಕೂರುವಲ್ಲಿ ಕೂದಲೆಳೆಯಷ್ಟೂ ಸಡಿಲ ಬಿಡದ ಕೆಲಸಗಾರಿಕೆಯಿಂದ, ತೆಳು ಗ್ರೀಸಿನಿಂದ. 1921ರಲ್ಲಿ ಒಸಾಕಾ ಹತ್ತಿರದ ಸಕಾಯಿಯಲ್ಲಿ ಸೈಕಲ್ಲಿನ ಫ್ರೀವೀಲ್ ಮಾಡುತ್ತ ಶುರುವಾದ ಶಿಮಾನೊ, 1992ರಲ್ಲಿ ಸ್ಟೆಲ್ಲಾ ತಂದಾಗಿನಿಂದ ಈ ಕೆಲಸವನ್ನು ತಿದ್ದುತ್ತಲೇ ಇದೆ. ಆ ಕಸುಬಿನ ಬಗ್ಗೆ ನನಗೆ ಅಗೌರವವಿಲ್ಲ. ಆದರೆ ಗೇರು ಕೆಲಸ ಮಾಡುವುದು ಹ್ಯಾಂಡಲ್ ತಿರುಗುವಾಗ. ಮೀನು ಗಾಳಕ್ಕೆ ಬಿದ್ದು ಕಲ್ಲಿನ ಕಡೆ ಓಡಿದಾಗ ಹ್ಯಾಂಡಲ್ ತಿರುಗುವುದಿಲ್ಲ, ತಿರುಗಿಸಲೂಬಾರದು. ಆಗ ತಿರುಗುವುದು ದಾರ ಸುತ್ತಿದ ಸ್ಪೂಲ್, ಕೆಲಸ ಅದನ್ನು ತಡೆತಡೆದು ಬಿಡುವ ಡ್ರ್ಯಾಗಿನದು. ಮೀನು ನಿಂತ ಮೇಲೂ ಅದನ್ನು ಹತ್ತಿರಕ್ಕೆ ತರುವುದು ರಾಡು. ರಾಡನ್ನು ಎತ್ತಿ, ಇಳಿಸುವಾಗ ಸಡಿಲಾದ ದಾರವನ್ನು ಸುತ್ತಿಕೊಳ್ಳುವುದಷ್ಟೇ ಹ್ಯಾಂಡಲಿನ ಪಾಲು. ಅಂಗಡಿಯಲ್ಲಿ ನಮ್ಮನ್ನು ಮರುಳುಮಾಡಿದ ಗುಣ ಅಸಲು ಹೋರಾಟದ ಹೊತ್ತಿಗೆ ಸುಮ್ಮನೆ ಕೂತಿರುತ್ತದೆ.

ಹಾಗಾದರೆ ಡ್ರ್ಯಾಗನ್ನೇ ನೋಡೋಣ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ರೀಲಿಗೆ ದುಡ್ಡು ಕೊಡಲು ನ್ಯಾಯವಾದ ಕಾರಣ ಒಂದಿದ್ದರೆ ಅದು ಇದೇ.

ಒತ್ತಿ ಕೂರಿಸಿದ ವಾಷರುಗಳು ಜಾರುವುದರ ಮೇಲೆ ಡ್ರ್ಯಾಗ್ ನಿಂತಿದೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ ಜಾರುತ್ತಿರುವುದನ್ನು ಜಾರಿಸಲು ಬೇಕಾದ್ದಕ್ಕಿಂತ ಹೆಚ್ಚು. ಗೋದ್ರೆಜ್ ಕಪಾಟು ತಳ್ಳಿದವರಿಗೆಲ್ಲ ಗೊತ್ತು, ಕಷ್ಟ ಮೊದಲ ಗೇಣಿನದು. ಕೆಟ್ಟ ಡ್ರ್ಯಾಗಿನಲ್ಲಿ ಈ ಅಂತರ ದೊಡ್ಡದು. ಮೀನು ಎಳೆದಾಗ ಮೊದಲು ಕಚ್ಚಿಕೊಂಡು, ಆಮೇಲೆ ಝಗ್ಗನೆ ಬಿಡುತ್ತದೆ. ದಾರ ತುಂಡಾಗುವುದು ಆ ಕಚ್ಚಿಕೊಂಡ ಕ್ಷಣದಲ್ಲಿ. ಅದಕ್ಕೇ ನಾನು ಸ್ಪ್ರಿಂಗ್ ತಕ್ಕಡಿ ತಂದೆ. ಗ್ಯಾಸಿನವರು ಸಿಲಿಂಡರ್ ತೂಗಲು ನೇತುಹಾಕುತ್ತಾರಲ್ಲ, ಅದರದೇ ಚಿಕ್ಕ ಜಾತಿ. ದಾರದ ತುದಿಯನ್ನು ಅದಕ್ಕೆ ಕಟ್ಟಿ, ತಕ್ಕಡಿಯನ್ನು ತೋಟದ ಬೇಲಿಗೂಟಕ್ಕೆ ಸಿಕ್ಕಿಸಿ, ರಾಡ್ ಹಿಡಿದು ಹಿಂದಕ್ಕೆ ನಡೆದೆ. ಅಗ್ಗದ ರೀಲಿನಲ್ಲಿ ಮುಳ್ಳು ನಾಲ್ಕು ಕಿಲೊ ದಾಟಿ ಹಾರಿ, ಬಿದ್ದು, ಮತ್ತೆ ಹಾರಿತು. ನನ್ನ ಮಧ್ಯಮ ದರ್ಜೆಯದರಲ್ಲಿ ತುಸು ನಡುಗಿ ನಿಂತಿತು. ಗೆಳೆಯನದರಲ್ಲೂ ತುಸು ನಡುಗಿ ನಿಂತಿತು. ಎರಡು ನಡುಕಗಳ ವ್ಯತ್ಯಾಸವನ್ನು ಹುಡುಕಿ ಮೂರು ಭಾನುವಾರ ಕಳೆದೆ. ಇತ್ತು ಎಂದು ಒಂದು ಸಲ ಅನ್ನಿಸಿತು, ಇನ್ನೊಂದು ಸಲ ಇಲ್ಲವೆನ್ನಿಸಿತು. ಅರುವತ್ತು ಸಾವಿರದ ವ್ಯತ್ಯಾಸವಂತೂ ಕಾಣಲಿಲ್ಲ. ಎಣ್ಣೆ ಹಚ್ಚಿದ ಉಣ್ಣೆಯ ವಾಷರ್ ಹೋಗಿ ಕಾರ್ಬನ್ ವಾಷರ್ ಮಧ್ಯಮ ದರ್ಜೆಗೂ ಇಳಿದು ಬಂದ ಮೇಲೆ, ಒಂದು ಕಾಲಕ್ಕೆ ಶ್ರೀಮಂತರ ಸ್ವತ್ತಾಗಿದ್ದ ಗುಣ ಎಲ್ಲರದ್ದೂ ಆಗಿದೆ.

ಗರಿಷ್ಠ ಡ್ರ್ಯಾಗ್ ಎಂಬ ಅಂಕಿಯ ಕಥೆಯೂ ಅಷ್ಟೇ. ಸಮುದ್ರದ ದೊಡ್ಡ ಮಾದರಿಗಳು 20 ಕಿಲೊ ದಾಟಿದ ಡ್ರ್ಯಾಗನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ನಾವು ಕಟ್ಟುವುದು ಹೆಚ್ಚೆಂದರೆ 30 ಪೌಂಡ್ ತಾಳುವ ಬ್ರೇಡ್ ದಾರ, ಅಂದರೆ 13.6 ಕಿಲೊ. ಗಂಟಿಗೂ ಜರ್ಕಿಗೂ ಜಾಗ ಬಿಟ್ಟು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಕೂರಿಸಿದರೆ ನಾಲ್ಕು ಕಿಲೊ ಆಸುಪಾಸಿಗೆ ಬಂತು. ಉಳಿದ ಹದಿನಾರು ಕಿಲೊ ಡಬ್ಬಿಯಲ್ಲೇ ಇರುತ್ತದೆ. ಇನ್ನೊಂದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ತುಂಬಿದ ಸ್ಪೂಲಿನಲ್ಲಿ ದಾರದ ಸುತ್ತಿನ ವ್ಯಾಸ 60 ಮಿಲಿಮೀಟರ್ ಇದ್ದದ್ದು ಮೀನು ಓಡಿ 45ಕ್ಕೆ ಇಳಿದರೆ, ನೀವು ಮುಟ್ಟದಿದ್ದರೂ ನಾಲ್ಕು ಕಿಲೊ ಡ್ರ್ಯಾಗ್ 5.3 ಕಿಲೊ ಆಗಿರುತ್ತದೆ. ಇದು ಸನ್ನೆಗೋಲಿನ ಲೆಕ್ಕ. ದುಬಾರಿ ರೀಲಿಗೂ ಇದರಿಂದ ವಿನಾಯಿತಿ ಇಲ್ಲ. ಪರಿಹಾರವೂ ಅಗ್ಗದ್ದು, ಒಂದು ಸೈಜು ದೊಡ್ಡ ಸ್ಪೂಲ್.

ಡ್ರ್ಯಾಗ್ ಬಿಸಿಯಾಗುವ ವಿಷಯ ಎತ್ತುವವರಿದ್ದಾರೆ. ಲೆಕ್ಕ ಹಾಕೋಣ. ದೊಡ್ಡ ಟ್ಯೂನ ಮೀನೊಂದು 12 ಕಿಲೊ ಡ್ರ್ಯಾಗಿನ ಮೇಲೆ 300 ಮೀಟರ್ ಓಡಿದರೆ ವಾಷರುಗಳಲ್ಲಿ ಹುಟ್ಟುವ ಶಾಖ 100 ಮಿಲಿಲೀಟರ್ ನೀರನ್ನು, ಹೆಚ್ಚುಕಡಿಮೆ ಒಂದು ಬೈ–ಟು ಕಾಫಿಯಷ್ಟನ್ನು, ಕುದಿಸಲು ಸಾಕು. ಅಲ್ಲಿ ಒಳ್ಳೆಯ ಡ್ರ್ಯಾಗಿಗೆ ಬೆಲೆಯಿದೆ. ನಮ್ಮ ಕೆಂಬೇರಿ ನಾಲ್ಕು ಕಿಲೊ ಮೇಲೆ 40 ಮೀಟರ್ ಓಡಿದರೆ ಅದೇ ಕಾಫಿ ನಾಲ್ಕು ಡಿಗ್ರಿಯೂ ಬಿಸಿಯಾಗುವುದಿಲ್ಲ.

ಈಗ ಇನ್ನೊಂದು ಕಡೆಯವರ ಜೊತೆ ಜಗಳ. ನನ್ನ ತೀರ್ಪು ಕೇಳಿದ ಕೂಡಲೇ ಚಪ್ಪಾಳೆ ತಟ್ಟುವವರು ಇವರು, ಆ ಚಪ್ಪಾಳೆ ನನಗೆ ಬೇಡ. ಗಂಗೊಳ್ಳಿಯ ಅಳಿವೆಯಲ್ಲಿ ಬರಿಗೈಯಲ್ಲೇ ದಾರ ಬಿಡುವ ಹಿರಿಯರೊಬ್ಬರು ಗೆಳೆಯನ ರೀಲು ನೋಡಿ ನಕ್ಕಿದ್ದರು: “ಮಾಷ್ಟ್ರೇ, ಮೀನಿಗ್ ರೀಲಿನ್ ರೇಟ್ ಗೊತ್ತಿತ್ತಾ?” ಅವರು ಹೇಳಿದರೆ ಒಪ್ಪೋಣ, ಅವರ ತೋರುಬೆರಳಿನ ಮಡಿಕೆಯಲ್ಲಿ ದಾರ ಕೊರೆದ ಗೆರೆಯಿದೆ, ಆ ಬೆರಳೇ ಅವರ ಡ್ರ್ಯಾಗ್. ಆದರೆ ಇದೇ ಮಾತನ್ನು ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದವರೂ, ಗಾಳದ ಬಗ್ಗೆ ಲೇಖನ ಬರೆಯುವವರೂ ಹೇಳತೊಡಗಿದ್ದಾರೆ. ಮೀನಿಗೆ ರೇಟು ಗೊತ್ತಿಲ್ಲ, ನಿಜ. ಜರ್ಕು ಗೊತ್ತು. ಸ್ಪೂಲು ಕಚ್ಚಿಕೊಂಡದ್ದು ಗೊತ್ತು. ರೀಲಿಗೆ ರೀಲಿಗೆ ವ್ಯತ್ಯಾಸವೇ ಇಲ್ಲ ಎನ್ನುವುದು ಎಲ್ಲ ವ್ಯತ್ಯಾಸವೂ ಬೆಲೆಯಲ್ಲೇ ಇದೆ ಎನ್ನುವಷ್ಟೇ ಸೋಮಾರಿ ವಿಮರ್ಶೆ.

ಈ ಪಂಥದವರು ತಪ್ಪದೆ ತರುವ ಸಾಕ್ಷಿ 1946ರದು. ಹುಲಿ, ಚಿರತೆಗಳ ಚರ್ಮ ಹದಮಾಡಿ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಆ ವರ್ಷ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಆಗ ಯಾವ ಸ್ಟೆಲ್ಲಾ ಇತ್ತು, ಯಾವ ಬ್ರೇಡ್ ಇತ್ತು ಎಂದು ಕೇಳುತ್ತಾರೆ. ಇರಲಿಲ್ಲ. ಆದರೆ ದಾಖಲೆಯ ಪುಸ್ತಕಕ್ಕೆ ಹೋಗುವುದು ದಡ ಸೇರಿದ ಮೀನು. ಆ ಕಾಲದಲ್ಲಿ ದಾರ ಹರಿದುಕೊಂಡು ಹೋದ ಮೀನುಗಳನ್ನು ಯಾರು ತೂಗಿದರು? ಬದುಕಿ ಬಂದ ಸಿಪಾಯಿಯನ್ನು ತೋರಿಸಿ ಕವಚ ಬೇಡವೆಂದಂತಾಯಿತು. ಭೀಮೇಶ್ವರಿಯ ಕಾಲದ ಉದಾಹರಣೆಯನ್ನೂ ಕೊಡುತ್ತಾರೆ. ಕಾವೇರಿಯ ಆ ಶಿಬಿರಗಳಲ್ಲಿ ರಾಗಿ ಮುದ್ದೆ ಕಟ್ಟಿ ಗಾಳ ಹಾಕಿದವರು ಮೀನು ಓಡಿದರೆ ಹರಿಗೋಲು ಹತ್ತಿ ಹಿಂಬಾಲಿಸುತ್ತಿದ್ದರು. ಡ್ರ್ಯಾಗಿನ ಅರ್ಧ ಕೆಲಸವನ್ನು ಅಲ್ಲಿ ಹುಟ್ಟು ಹಾಕುವವನ ತೋಳು ಮಾಡುತ್ತಿತ್ತು. ಫೋಟೊದಲ್ಲಿ ಅವನು ಮೀನಿನ ಬಾಲ ಹಿಡಿದು ಅಂಚಿನಲ್ಲಿ ನಿಂತಿರುತ್ತಾನೆ, ಹೆಸರು ಇರುವುದಿಲ್ಲ. ನಾವು ನಿಲ್ಲುವ ಕಲ್ಲಿಗೆ ಹುಟ್ಟೂ ಇಲ್ಲ, ಹರಿಗೋಲೂ ಇಲ್ಲ. ನಮ್ಮ ರೀಲು ಆ ಕೆಲಸವನ್ನೂ ಮಾಡಬೇಕು.

ವಿಡಿಯೊ ವಿಮರ್ಶಕರ ಬಗ್ಗೆ ಎರಡೇ ಮಾತು. ಡಬ್ಬಿ ಬಿಚ್ಚುವುದನ್ನು ಹತ್ತು ನಿಮಿಷ ತೋರಿಸುತ್ತಾರೆ. ಒಂದು ಮಳೆಗಾಲ ಕಳೆದ ಮೇಲೆ ಅದೇ ರೀಲನ್ನು ಬಿಚ್ಚಿ ತೋರಿಸಿದವರನ್ನು ನಾನು ನೋಡಿಲ್ಲ.

ನೋಡಬೇಕಾದ್ದು ಅದನ್ನೇ. ನಮ್ಮ ಕರಾವಳಿಯಲ್ಲಿ ರೀಲನ್ನು ಕೊಲ್ಲುವುದು ಮೀನಲ್ಲ, ಉಪ್ಪು. ಅದು ಮೊದಲು ಹೊಗುವುದು ದಾರ ತಿರುವು ತೆಗೆದುಕೊಳ್ಳುವ ಲೈನ್ ರೋಲರಿಗೆ. ಒದ್ದೆ ದಾರ ಪ್ರತಿ ಸುತ್ತಿಗೂ ಸಮುದ್ರದ ನೀರನ್ನು ಅಲ್ಲಿಗೆ ಹೊತ್ತು ತರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಒಳಗಿನ ಬೇರಿಂಗ್ ಕಡಲೆಬೀಜದಷ್ಟಿದೆ, ಬೆಲೆ ಕೆಲವು ನೂರು ರೂಪಾಯಿ. ಅದು ಹಿಡಿದರೆ ಎಷ್ಟು ದೊಡ್ಡ ರೀಲೂ ಹಳೇ ಬಾವಿಗಾಲಿಯಂತೆ ಕಿರುಗುಟ್ಟುತ್ತದೆ. ನೀರು ತಡೆಯಲು ರಬ್ಬರ್ ಸೀಲು ಬಿಗಿದರೆ ಹ್ಯಾಂಡಲ್ ಗಟ್ಟಿಯಾಗುತ್ತದೆ, ಒಣಗೈಯ ಪರೀಕ್ಷೆಯಲ್ಲಿ ರೀಲು ನಪಾಸು. ಹೀಗೆ ಅಂಗಡಿಯಲ್ಲಿ ಸೋಲುವ ಗುಣವೇ ಕಲ್ಲಿನ ಮೇಲೆ ಗೆಲ್ಲುತ್ತದೆ. ದೊಡ್ಡ ಕಂಪನಿಗಳು ಎರಡನ್ನೂ ಕೂಡಿಸಲು ಬುದ್ಧಿ ಓಡಿಸಿವೆ: ಡೈವಾದ ಮ್ಯಾಗ್‌ಸೀಲಿನಲ್ಲಿ ಕಾಂತಕ್ಕೆ ಅಂಟಿಕೊಂಡ ಎಣ್ಣೆಯೇ ನೀರಿಗೆ ಬಾಗಿಲು ಹಾಕುತ್ತದೆ. ಬೆರಗಿನ ಕೆಲಸವೇ ಸರಿ. ಆದರೆ ಅಂಥದ್ದನ್ನು ನಾವು ಬಿಚ್ಚುವಂತಿಲ್ಲ, ಬೇರೆ ಎಣ್ಣೆ ಬಿಡುವಂತಿಲ್ಲ, ತಿಳಿದವರ ಕೈಗೇ ಹೋಗಬೇಕು.

ಗೆಳೆಯನ ರೀಲು ಸೆಪ್ಟೆಂಬರಿನಲ್ಲಿ ಕಿರುಗುಟ್ಟಿತು. ನನ್ನದು ಆಗಸ್ಟಿನಲ್ಲೇ ಕಿರುಗುಟ್ಟಿತ್ತು, ಅಷ್ಟರಮಟ್ಟಿಗೆ ದುಬಾರಿಯದ್ದೇ ಮೇಲು. ನಾನು ಅಂಗಳದ ಕಟ್ಟೆಯ ಮೇಲೆ ಕೂತು ಒಂದು ಸ್ಕ್ರೂ ಬಿಚ್ಚಿ ಬೇರಿಂಗ್ ಬದಲಿಸಿದೆ, ಸಂಜೆಗೆ ಕೋಡಿಯಲ್ಲಿದ್ದೆ. ಅವನ ರೀಲಿನಲ್ಲೂ ಬಿಚ್ಚಬೇಕಾದ್ದು ಒಂದೇ ಸ್ಕ್ರೂ, ಆದರೆ ಅವನಿಗೆ ಧೈರ್ಯ ಬರಲಿಲ್ಲ. ಬೆಂಗಳೂರಿನ ಅಂಗಡಿಯೊಂದಕ್ಕೆ ಕೊರಿಯರ್ ಮಾಡಿದ. ನವರಾತ್ರಿ ಮುಗಿಯಿತು, ದೀಪಾವಳಿಗೆ ವಾಪಸು ಬಂತು. ಬೆಲೆಪಟ್ಟಿಯಲ್ಲಿ ಕಾಣದ ಬೆಲೆ ಇದು. ಅಂಥ ರೀಲು ಹಿಡಿದವನು ತೆರೆ ಅಪ್ಪಳಿಸುವ ಮುಂದಿನ ಕಲ್ಲಿಗೆ ಹೋಗುವುದಿಲ್ಲ, ಮೀನಿರುವುದು ಅಲ್ಲೇ ಆದರೂ. ಮರಳಿನ ಮೇಲೆ ಇಡುವುದಿಲ್ಲ, ತಂಗಿಯ ಮಗ ಕೇಳಿದರೆ ಕೊಡುವುದಿಲ್ಲ. ನಾನೂ ಆ ಹಂಗಾಮಿನಲ್ಲಿ ಹಾಗೆಯೇ ಮಾಡಿದೆ. ಒಂದು ಸಲ ಜಾರಿದಾಗ ಮೊಣಕಾಲು ಕೊಟ್ಟು ರೀಲು ಉಳಿಸಿದೆ. ಗುರುತು ಇನ್ನೂ ಇದೆ, ಮೊಣಕಾಲಿನಲ್ಲಿ.

ನ್ಯಾಯಕ್ಕಾಗಿ ಇಷ್ಟನ್ನು ಹೇಳಬೇಕು. ಅಂಡಮಾನಿಗೆ ಹೋಗಿ ದೋಣಿಯಿಂದ ಜಯಂಟ್ ಟ್ರೆವಲಿ ಮೀನಿಗೆ ಪಾಪರ್ ಎಂಬ ನಕಲಿ ಎರೆ ಎಸೆಯುವವನು ಒಳ್ಳೆಯದನ್ನೇ ಕೊಳ್ಳಲಿ. ಅವನ ವಿಮಾನ, ದೋಣಿಯ ಖರ್ಚೇ ರೀಲನ್ನು ಮೀರುತ್ತದೆ. ಅಲ್ಲಿ ಮೈ ತಿರುಚದ ರೀಲು, ಬಿಸಿಗೆ ಬಗ್ಗದ ಡ್ರ್ಯಾಗ್ ಬೇಕೇ ಬೇಕು. ಒಂದು ಗ್ರಾಂ ತೂಕದ ಜಿಗ್ ಎಸೆದು, ಮೀನು ಮೂಸಿದ್ದನ್ನೂ ಹ್ಯಾಂಡಲಿನಲ್ಲೇ ಓದುವ ಜಪಾನಿನ ಬಂದರಿನ ಗಾಳಗಾರನಿಗೆ ಆ ನುಣುಪು ಕಣ್ಣಿದ್ದ ಹಾಗೆ. ಆ ರೀಲು ಅವನಿಗಾಗಿ ಹುಟ್ಟಿದ್ದು. ನಾವು ಅದಕ್ಕೆ ಸಿಗಡಿ ಕಟ್ಟಿ ಕಲ್ಲಿನ ಸಂದಿಗೆ ಇಳಿಬಿಟ್ಟು, ಮುಕ್ಕಾಲು ಗಂಟೆ ಕಡ್ಲೆಕಾಯಿ ತಿನ್ನುತ್ತ ಕೂರುತ್ತೇವೆ.

ಅಂಗಡಿಯವರಲ್ಲಿ ಒಂದು ಕೋರಿಕೆ. ಕೌಂಟರಿನ ಮೇಲೆ ಸ್ಪ್ರಿಂಗ್ ತಕ್ಕಡಿಯೊಂದನ್ನು ನೇತುಹಾಕಿ, ಪ್ರತಿ ದರ್ಜೆಯ ಒಂದೊಂದು ರೀಲಿಗೆ ದಾರ ಸುತ್ತಿಡಿ. ಬಂದವರು ಹ್ಯಾಂಡಲ್ ಮುಟ್ಟುವ ಮೊದಲು ದಾರ ಎಳೆದು ನೋಡಲಿ.