ಯಾವ ಮರದ ನೆರಳು?

ಕಾಫಿ ಪ್ಯಾಕೆಟ್ಟಿನ ಮೇಲೆ ಈಗ ಮಂಗಟ್ಟೆಯೋ ಆನೆಯೋ ಇದ್ದರೇ ಅಂದ. ಕೆಳಗೊಂದು ಸಾಲು: ನೆರಳಿನಲ್ಲಿ ಬೆಳೆದದ್ದು. ಸುಳ್ಳೇನಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿಯೆಲ್ಲ ಹೆಚ್ಚುಕಮ್ಮಿ ನೆರಳಿನದೇ. ಯಾವ ಮರದ ನೆರಳು ಎಂದು ಕೇಳಿದರೆ ಮಾತ್ರ ಪ್ಯಾಕೆಟ್ಟು ಬಾಯಿ ಬಿಡುವುದಿಲ್ಲ.

ಅತ್ತಿ, ಬಸರಿ, ಹಲಸು, ನೇರಳೆ ಇದ್ದ ತೋಟಗಳಿಗೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ನುಗ್ಗಿ ದಶಕಗಳಾದವು. ಬೆಳೆಗಾರರನ್ನು ಬೈದು ಫಲವಿಲ್ಲ. ಮರ ನೆಟ್ಟಗೆ ಏರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮನೆಯಲ್ಲಿ ಮದುವೆ ಬಂದರೆ ಕಡಿದು ಮಾರಬಹುದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸಿಲ್ವರ್ ಕಡಿಯಲು ಅನುಮತಿ ಕೇಳುವುದಿಲ್ಲ. ಕಾಡುಮರಕ್ಕೆ ಕೈ ಹಾಕಿದರೆ ಅರಣ್ಯ ಇಲಾಖೆಗೆ ಅಲೆಯಬೇಕು. ಮರ ಉಳಿಸಲೆಂದು ಬಂದ ಕಾನೂನೇ ಕಾಡುಮರ ನೆಡಲು ಹೆದರುವಂತೆ ಮಾಡಿತು.

ಸಿಲ್ವರ್ ಹೂ ಬಿಟ್ಟಾಗ ಸೂರಕ್ಕಿಗಳು ಬರುವುದುಂಟು. ಹಣ್ಣು ತಿನ್ನುವ ಹಕ್ಕಿಗೆ ಅಲ್ಲಿ ಏನೂ ಇಲ್ಲ. ಅತ್ತಿಯನ್ನು ನೋಡಿ: ಸುತ್ತಲಿನ ಮರಗಳು ಬರಿದಾಗಿರುವಾಗಲೂ ಕಾಂಡದ ಮೈಮೇಲೆಯೇ ಗೊಂಚಲು ಗೊಂಚಲು ಹಣ್ಣು. ಹಗಲು ಕುಟ್ರು, ಪಿಕಳಾರ, ರಾತ್ರಿ ಬಾವಲಿ. ಇನ್ನು ಮಂಗಟ್ಟೆ ಗೂಡು ಮಾಡುವುದು ಹಳೆಯ ದಪ್ಪ ಮರದ ಪೊಟರೆಯಲ್ಲಿ. ಪ್ರಾಯದಲ್ಲೇ ಕೊಡಲಿಗೆ ಸಿಗುವ ಸಿಲ್ವರಿನಲ್ಲಿ ಪೊಟರೆ ಎಲ್ಲಿಂದ ಬರಬೇಕು?

ಹಾಗೆಂದು ತೋಟಗಳನ್ನು ತಳ್ಳಿಹಾಕುವಂತಿಲ್ಲ. ವನ್ಯಜೀವಿ ವಿಜ್ಞಾನಿ ಕೃತಿ ಕಾರಂತ ಮತ್ತು ಸಂಗಡಿಗರ 2016ರ ಅಧ್ಯಯನ ನಮ್ಮ ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ 204 ಜಾತಿಯ ಹಕ್ಕಿಗಳನ್ನು ದಾಖಲಿಸಿತು. ಅದರಲ್ಲಿ ಕಾಫಿಯದೇ ಮೇಲುಗೈ. ಉಳಿಸಿಕೊಳ್ಳಲು ಇನ್ನೂ ಏನೋ ಇದೆ ಎಂದಾಯಿತು.

ಉಳಿಸುವ ಖರ್ಚು ಯಾರದು ಎಂಬಲ್ಲಿ ಪ್ರಮಾಣಪತ್ರದ ವ್ಯವಸ್ಥೆ ನನಗೆ ಸಪ್ಪೆ ಎನಿಸುತ್ತದೆ. ರೈನ್‌ಫಾರೆಸ್ಟ್ ಅಲಯನ್ಸಿನ ಕಪ್ಪೆ ಮುದ್ರೆ ಇದೆ. ಸ್ಮಿತ್ಸೋನಿಯನ್ನಿನ ಹಕ್ಕಿಸ್ನೇಹಿ ಮುದ್ರೆ ಇನ್ನೂ ಬಿಗಿ, ಶೇ 40ರಷ್ಟು ನೆರಳು, ಜೊತೆಗೆ ಸಾವಯವ ಕೃಷಿ ಕಡ್ಡಾಯ. ನಿಯಮಗಳೇನೋ ಚೆನ್ನಾಗಿವೆ. ಆದರೆ ಸಣ್ಣ ಬೆಳೆಗಾರ 50 ಕಿಲೋ ಚೆರಿ ಮೂಟೆ ತಂದಾಗ ವ್ಯಾಪಾರಿ ನೋಡುವುದು ಔಟ್‌ಟರ್ನ್ (ಚೆರಿಯಿಂದ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ಮತ್ತು ತೇವಾಂಶ. ತೋಟದ ಅತ್ತಿಮರಕ್ಕೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ರೊಬಸ್ಟಾ ದರ 2024ರಲ್ಲಿ ದಾಖಲೆ ಮಟ್ಟಕ್ಕೆ ಏರಿದ ಮೇಲಂತೂ ಮರಗಸಿಯ, ಅಂದರೆ ನೆರಳಿನ ಕೊಂಬೆ ಸವರುವ, ಕತ್ತಿ ಇನ್ನಷ್ಟು ಮೇಲಕ್ಕೆ ಹತ್ತಲು ಕಾರಣ ಬೇಕೇ?

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಬ್ಲ್ಯಾಕ್ ಬಾಜಾ ಕಾಫಿ ನನಗೆ ಮುಖ್ಯವಾಗಿ ಕಾಣುತ್ತದೆ. ಪ್ರಮಾಣಪತ್ರಗಳ ಬಗ್ಗೆಯೇ ಸಂಶೋಧನೆ ಮಾಡಿದ ಅರ್ಷಿಯಾ ಬೋಸ್ ಕಟ್ಟಿದ ಕಂಪನಿ ಇದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥ ಸಣ್ಣ ಬೆಳೆಗಾರರಿಂದ ನೇರವಾಗಿ ಕೊಳ್ಳುತ್ತದೆ, ನಾಡಮರ ಉಳಿಸುವುದನ್ನು ವ್ಯವಹಾರದ ಭಾಗವಾಗಿಯೇ ಮಾತಾಡುತ್ತದೆ. ದೂರದ ಮುದ್ರೆಗಿಂತ ಕೊಳ್ಳುವವರೇ ತೋಟಕ್ಕೆ ಕಾಲಿಡುವುದು ವಾಸಿ. ಕೊರತೆ ಅಳತೆಯದು: ಇಂಥ ಕಂಪನಿಗಳು ಕೊಳ್ಳುವ ಬೀಜ ಕರ್ನಾಟಕದ ಒಟ್ಟು ಬೆಳೆಯ ಮುಂದೆ ಚಿಟಿಕೆಯಷ್ಟು. ಮನೆಮನೆಯ ಫಿಲ್ಟರಿಗೆ ಪುಡಿ ಒದಗಿಸುವ ದೊಡ್ಡ ಬ್ರ್ಯಾಂಡುಗಳು, ಇನ್‌ಸ್ಟಂಟ್ ಕಾರ್ಖಾನೆಗಳು ಕಾಡುಮರಕ್ಕೆ ವರ್ಷವರ್ಷವೂ ದುಡ್ಡು ಕೊಡಲು ಒಪ್ಪದಿದ್ದರೆ ಘಟ್ಟದಲ್ಲಿ ಸಿಲ್ವರೇ ಗೆಲ್ಲುತ್ತದೆ.

ಪುಡಿಯಲ್ಲಿ ಚಿಕೋರಿ ಶೇಕಡಾ ಎಷ್ಟು ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಲೇಬೇಕು, ಅದು ಕಾನೂನು. ತೋಟದಲ್ಲಿ ಸಿಲ್ವರ್ ಶೇಕಡಾ ಎಷ್ಟು ಎಂದು ಪಕ್ಕದಲ್ಲೇ ಹಾಕಲು ಈ ದೊಡ್ಡ ಕಂಪನಿಗಳಿಗೆ ಏನಡ್ಡಿ?